ಕೂಡಿಸಿ ಪಡೆಯೋದು ಎಲ್ಲರಿಗೂ ಆಗಲ್ಲ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಮನೆಯ ಎರಡು ಕಾರಿನ ಅಂಡರ್‌ಇನ್ಶೂರ್ಡ್ ಮೋಟಾರಿಸ್ಟ್ ವಿಮೆಯನ್ನು (ಡಿಕ್ಕಿ ಹೊಡೆದವರ ವಿಮೆ ಸಾಲದಿದ್ದಾಗ ನಮ್ಮದೇ ಪಾಲಿಸಿ ಕೊಡುವ ಹಣ) ಕೂಡಿಸಿ ಪಡೆಯಬಹುದು, ಅಂದರೆ ‘ಸ್ಟ್ಯಾಕಿಂಗ್’ ಮಾಡಬಹುದು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಿಜ. ಆದರೆ ಯಾರು ಪಡೆಯಬಹುದು ಅನ್ನೋದನ್ನು ಹೇಳಲೇ ಇಲ್ಲ. ಜಗಳ ಶುರುವಾಗೋದೇ ಅಲ್ಲಿ.

ಅಲ್ಲಿನ ಸುಪ್ರೀಂ ಕೋರ್ಟ್ 1984ರಲ್ಲೇ ಇದಕ್ಕೆ ಗೆರೆ ಎಳೆದಿದೆ. ಪಾಲಿಸಿದಾರರು, ಅವರ ಗಂಡ ಅಥವಾ ಹೆಂಡತಿ, ಅದೇ ಮನೆಯಲ್ಲಿರುವ ಬಂಧುಗಳು ಮೊದಲನೇ ಗುಂಪು. ಸುಮ್ನೆ ಕಾರಿನಲ್ಲಿ ಕೂತು ಬಂದವರು ಎರಡನೇ ಗುಂಪು. ಇವರಿಗೆ ಕೂಡಿಸುವ ಹಕ್ಕಿಲ್ಲ. ಒಂದೊಂದು ಕಾರಿಗೂ 1 ಲಕ್ಷ ಡಾಲರ್ ಇದೆ ಅಂದುಕೊಳ್ಳಿ. ಡಿಕ್ಕಿ ಹೊಡೆದವನ ಹತ್ತಿರ ಇರೋದು ಕಾನೂನಿನ ಕನಿಷ್ಠ ವಿಮೆ 15,000 ಡಾಲರ್ ಮಾತ್ರ. ಮುಂದೆ ಕೂತ ಪಾಲಿಸಿದಾರರ ಹೆಂಡತಿ ಎರಡೂ ಕಾರಿನದು ಕೂಡಿಸಿ 2 ಲಕ್ಷದವರೆಗೆ ಕೇಳಬಹುದು. ಹಿಂದೆ ಕೂತ ಸಹೋದ್ಯೋಗಿಗೆ ಆ ಪಾಲಿಸಿಯಿಂದ 1 ಲಕ್ಷವೇ ಗಡಿ. ಅವರದೇ ಸ್ವಂತ ಪಾಲಿಸಿ ಇದ್ದರೆ ಅದು ಬೇರೆ ಮಾತು.

ಇನ್ನೊಂದು, ಕೂಡಿಸುವ ಹಕ್ಕು ಅಲ್ಲಿ ತಾನಾಗಿಯೇ ಬರುತ್ತದೆ. ಪ್ರೀಮಿಯಂ ಕಡಿಮೆಯಾಗುತ್ತೆ ಅಂತ ಪಾಲಿಸಿಯ ಮೊದಲ ಹೆಸರಿನವರು ‘ಬೇಡ’ ಫಾರ್ಮ್‌ಗೆ ಸಹಿ ಹಾಕಿದರೆ ಮನೆಯವರೆಲ್ಲರ ಹಕ್ಕೂ ಹೋಗುತ್ತದೆ. ದಯವಿಟ್ಟು ಇದನ್ನು ಲೇಖನಕ್ಕೆ ಸೇರಿಸಿ.

ಗ್ಯಾಲಗರ್ ಎಂಬ ಪಾಲಿಸಿದಾರರ ಕೇಸಿನಲ್ಲಿ ಅದೇ ಕೋರ್ಟ್ 2019ರಲ್ಲಿ ಕೊಟ್ಟ ತೀರ್ಪನ್ನೂ ಬಿಡಬೇಡಿ. ಆತ ಬೈಕ್, ಕಾರು ಎರಡರ ಪಾಲಿಸಿಗೂ ಜಾಸ್ತಿ ದುಡ್ಡು ಕಟ್ಟಿ ಸ್ಟ್ಯಾಕಿಂಗ್ ತಗೊಂಡಿದ್ದರು. ಬೈಕ್ ಅಪಘಾತವಾದಾಗ ಗೈಕೊ ಎಂಬ ವಿಮಾ ಕಂಪನಿ ಬೈಕ್ ಪಾಲಿಸಿಯ ಹಣ ಕೊಟ್ಟು, ಈ ಪಾಲಿಸಿಯಲ್ಲಿಲ್ಲದ ಮನೆಯ ಬೇರೆ ವಾಹನದಲ್ಲಿ ಗಾಯವಾದರೆ ಹಣವಿಲ್ಲ ಎಂಬ ಷರತ್ತು ತೋರಿಸಿ ಕಾರಿನದನ್ನು ನಿರಾಕರಿಸಿತು. ‘ಬೇಡ’ ಫಾರ್ಮ್‌ಗೆ ಸಹಿಯೇ ಇಲ್ಲದೆ ಹಕ್ಕು ಕಿತ್ತುಕೊಳ್ಳುವ ಆ ಷರತ್ತು ನಡೆಯಲ್ಲ ಎಂದಿತು ಕೋರ್ಟ್. ನ್ಯಾಯವಾದ ತೀರ್ಪು, ಅಲ್ವಾ?