ತಾತ ಏನಂದ್ರು?

ಹೋದ ತಿಂಗಳು ಒಂದು ಭಾನುವಾರ ನನಗೂ ನನ್ನ ಹೆಂಡತಿಗೂ ಸಣ್ಣ ಜಗಳ. ದೊಡ್ಡ ಕಾರಣವೇನಲ್ಲ, ಗೀಸರ್ ಆಫ್ ಮಾಡದ ವಿಷಯ. ಮಾತು ಬಿಟ್ಟಿದ್ದೆವು. ಮಧ್ಯಾಹ್ನ ಮಗಳನ್ನು ಕರೆದು, "ಅಮ್ಮನಿಗೆ ಹೇಳು, ಅಂಗಡಿಗೆ ಹೋಗ್ತಿದೀನಿ, ಏನಾದ್ರೂ ತರಬೇಕಾ ಅಂತ" ಅಂದೆ. ಏಳನೇ ಕ್ಲಾಸಿನ ಹುಡುಗಿ, ಮೊಬೈಲಿನಿಂದ ತಲೆಯನ್ನೂ ಎತ್ತಲಿಲ್ಲ. "ಅಡುಗೆಮನೆ ನಾಲ್ಕು ಹೆಜ್ಜೆ ಇದೆ ಪಪ್ಪಾ, ನೀವೇ ಹೇಳಿ" ಅಂದಳು.

ಅವಳ ವಯಸ್ಸಿನಲ್ಲಿ ನನಗೆ ಇದೇ ಕೆಲಸ. ಒಂದು ದಿನವೂ ಆಗಲ್ಲ ಅಂದವನಲ್ಲ.

ನಮ್ಮೂರು ತಿಪಟೂರಿನ ಹತ್ತಿರ. ಮನೆಯಲ್ಲಿ ಹದಿನಾಲ್ಕು ಜನ. ತಾತ ಹೊರಗೆ ಜಗುಲಿಯ ಮೇಲೆ, ಅಜ್ಜಿ ಒಳಗೆ, ನಡುವೆ ನಾನು. ಅವರಿಬ್ಬರು ಎದುರೆದುರು ನಿಂತು ಮಾತಾಡಿದ್ದನ್ನು ನಾನು ನೋಡಿದ್ದು ಬಹಳ ಕಡಿಮೆ. ಕೋಪವೇನಿಲ್ಲ, ಅದೇ ರೂಢಿ. "ನಿಮ್ಮಜ್ಜಿಗೆ ಹೇಳು, ಊಟಕ್ಕೆ ಇನ್ನಿಬ್ಬರು ಅವ್ರೆ." "ನಿಮ್ ತಾತನಿಗೆ ಹೇಳು, ಎಲೆ ಅಡಿಕೆ ಮುಗಿದೈತೆ." ತಾತನ ಉತ್ತರ ಎರಡೇ. ಆಗುವುದಾದರೆ "ಹೂಂ". ಆಗದಿದ್ದರೆ "ಬ್ಯಾಡ". ಮೂರನೆಯದು ಆ ಬಾಯಿಂದ ಬಂದಿದ್ದೇ ಇಲ್ಲ.

ಅಜ್ಜಿ ತಾತನ ಹೆಸರನ್ನೂ ಹೇಳುತ್ತಿರಲಿಲ್ಲ. ಒಮ್ಮೆ ರೇಷನ್ ಕಾರ್ಡಿನ ಕೆಲಸಕ್ಕೆ ಹೋದಾಗ ಕೌಂಟರಿನವನು "ಯಜಮಾನರ ಹೆಸರೇನಮ್ಮ?" ಅಂದ. ಅಜ್ಜಿ ನನ್ನ ಪಕ್ಕೆಗೆ ತಿವಿದಳು. ನಾನು ಯಾವುದೋ ಗೋಡೆ ಮೇಲಿನ ಹಲ್ಲಿ ನೋಡುತ್ತಿದ್ದೆ. ಮತ್ತೆ ತಿವಿದಳು. ಅಷ್ಟರಲ್ಲಿ ಹಿಂದಿದ್ದ ಕ್ಯೂ ಎಲ್ಲ ನಗುತ್ತಿತ್ತು. ಕೊನೆಗೆ ಹೆಸರು ಹೇಳಿದವನು ನಾನೇ. (ನೋಡಿ, ತಾತ "ಅಂದರು", ಅಜ್ಜಿ "ಅಂದಳು" ಅಂತಲೇ ಬರೆಯುತ್ತಿದ್ದೇನೆ. ಬೆರಳು ಬೇರೆ ಥರ ಬರೆಯಲ್ಲ ಅನ್ನುತ್ತೆ.)

ಅಜ್ಜಿಯ ನಿಜವಾದ ರಾಜ್ಯ ಅಟ್ಟ. ನಮ್ಮ ಕಡೆ ತೆಂಗಿನಕಾಯಿಯನ್ನು ಹಾಗೇ ಮಾರುವುದಕ್ಕಿಂತ ಉಂಡೆ ಕೊಬ್ಬರಿ ಮಾಡುವುದು ಜಾಸ್ತಿ. ಮಟ್ಟೆ ಸಮೇತ ಅಟ್ಟಕ್ಕೆ ಹಾಕಿದರೆ ಹೆಚ್ಚುಕಮ್ಮಿ ಒಂದು ವರ್ಷ ಅಲ್ಲೇ. ಒಳಗಿನ ನೀರು ತಾನಾಗಿ ಇಂಗಬೇಕು. ಕೊಬ್ಬರಿ ಚಿಪ್ಪು ಬಿಟ್ಟು ಬೇರೆಯಾಗಬೇಕು. ಆತುರಪಟ್ಟು ಸುಲಿದರೆ ಕೆಟ್ಟಿತು. ಅಜ್ಜಿ ಒಂದೊಂದೇ ಕಾಯಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ಬಳಬಳ ಅಂದರೆ ಇನ್ನೂ ನೀರಿದೆ. ಗುಂಡು ಉರುಳಿದ ಹಾಗೆ ಗಡಗಡ ಅಂದರೆ ಆಯಿತು, ಕೆಳಗೆ ಇಳಿಸು. ಹೊಗೆ ಹಿಡಿದು ಕಪ್ಪಾದ ಜಂತೆ, ಹೆಂಚಿನ ಸಂದಿಯ ಬಿಸಿಲು, ಕಿವಿಗೆ ಕಾಯಿ ಹಿಡಿದು ಕಣ್ಣು ಮುಚ್ಚಿದ ಅಜ್ಜಿ. ನನ್ನ ಬಾಲ್ಯ ಅಂದರೆ ಮೊದಲು ಕಣ್ಣಿಗೆ ಬರುವುದು ಇದೇ.

1999ರಲ್ಲಿ ಮನೆ ಭಾಗವಾಯಿತು. ಜಗುಲಿ ಮೇಲೆ ತಾತ, ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ, ಊರಿನ ನಾಲ್ಕು ಜನ ಹಿರಿಯರು. ನನಗೆ ಹನ್ನೆರಡು ವರ್ಷ. ಅಜ್ಜಿ ನನ್ನನ್ನು ಅಟ್ಟದ ಏಣಿ ಹತ್ತಿರ ಕರೆದು ಮೆಲ್ಲಗೆ ಹೇಳಿದಳು. "ನಿಮ್ ತಾತನಿಗೆ ಹೇಳು. ಕೆರೆ ಕೆಳಗಿನ ತೋಟದಾಗೆ ಹತ್ತು ಮರ ನಿಮ್ಮತ್ತೆ ಹೆಸರಿಗೆ ಇಡಬೇಕಂತೆ ಅಂತ. ಹತ್ತೇ ಸಾಕು."

ನಾನು ಹೋದೆ. ಅಷ್ಟೂ ಜನ ನನ್ನ ಕಡೆ ತಿರುಗಿದರು. ದೊಡ್ಡಪ್ಪ "ಏನ್ಲಾ?" ಅಂದರು. ಬಾಯಿ ಒಣಗಿತು. "ಕಾಫಿ ಮಾಡ್ಬೇಕಾ ಅಂತ ಅಜ್ಜಿ ಕೇಳ್ತು" ಅಂದೆ. ತಾತ "ಹೂಂ" ಅಂದರು.

ಒಳಗೆ ಬಂದೆ. "ತಾತ ಏನಂದ್ರು?"

"ನೋಡೋಣ ಅಂದ್ರು."

ಅಜ್ಜಿ ಮತ್ತೇನೂ ಕೇಳಲಿಲ್ಲ. ಕಾಫಿಗೆ ನೀರಿಟ್ಟಳು. ಮುಂದಿನ ವಾರ ರಿಜಿಸ್ಟರ್ ಆಯಿತು. ಅತ್ತೆಗೆ ಒಂದು ಸೀರೆ ಕೊಟ್ಟರು.

ದೊಡ್ಡವನಾದ ಮೇಲೆ ಕಾನೂನು ಹುಡುಕಿ ಓದಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಕರ್ನಾಟಕದಲ್ಲಿ 1994ರಲ್ಲೇ ಬಂದಿತ್ತು. ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಇಲ್ಲ. ಅತ್ತೆಯನ್ನು ತುರುವೇಕೆರೆ ಕಡೆ ಕೊಟ್ಟಿದ್ದು 1990ರಲ್ಲಿ. 2005ರ ಕೇಂದ್ರದ ತಿದ್ದುಪಡಿಯಲ್ಲಿ ಮದುವೆಯಾದವರಿಗೂ ಹಕ್ಕು ಸಿಕ್ಕಿತು. ಅದೂ 2004ರ ಡಿಸೆಂಬರ್ 20ಕ್ಕೆ ಮೊದಲು ರಿಜಿಸ್ಟರ್ ಆದ ಪಾಲುಗಳನ್ನು ಮುಟ್ಟಲಿಲ್ಲ. ಎರಡು ಕಾನೂನುಗಳ ಸಂದಿಯಲ್ಲಿ ಅತ್ತೆ ಸರಿಯಾಗಿ ಸಿಕ್ಕಿಕೊಂಡರು. ಅವರ ಪಾಲಿಗೆ ಇದ್ದಿದ್ದು ಒಂದೇ ದಾರಿ, ಅಜ್ಜಿಯ ಆ ಒಂದು ಮಾತು. ಅದು ನನ್ನ ಕೈಯಲ್ಲಿತ್ತು. ಹೇಳಿದ್ದರೂ ತಾತ "ಬ್ಯಾಡ" ಅಂತಲೇ ಅನ್ನುತ್ತಿದ್ದರೇನೋ. ಆದರೂ ಹೇಳಬೇಕಿತ್ತು ಅಲ್ವಾ?

ವಾಟ್ಸಾಪಿನಲ್ಲಿ ದಿನಾ ಬರುತ್ತೆ, ಕೂಡು ಕುಟುಂಬ ಎಷ್ಟು ಚೆಂದ, ನಾವು ಏನು ಕಳಕೊಂಡೆವು ಅಂತ. ಚೆಂದ ಇತ್ತು, ಸುಳ್ಳಲ್ಲ. ಜ್ವರ ಬಂದರೆ ಹಣೆ ಮುಟ್ಟಿ ನೋಡುವ ಕೈ ಆರೇಳು. ಯಾರ ಮೇಲಾದರೂ ಸಿಟ್ಟು ಬಂದರೆ ಅದು ಮೂರು ಬಾಯಿ ದಾಟಿ ಹೋಗುವಷ್ಟರಲ್ಲಿ ತಣ್ಣಗಾಗಿರುತ್ತಿತ್ತು. ಈಗ ನಮ್ಮ ಫ್ಲಾಟಿನಲ್ಲಿ ಆಡಿದ ಮಾತು ನೇರ ಹೋಗಿ ಎದೆಗೇ ಬಡಿಯುತ್ತೆ, ನಡುವೆ ತಡೆಯುವವರಿಲ್ಲ. ಆದರೆ ಆ ಮೆಸೇಜು ಫಾರ್ವರ್ಡ್ ಮಾಡುವವರಲ್ಲಿ ಜಾಸ್ತಿ ಜನ ಜಗುಲಿ ಕಡೆಯವರು ಅಂತ ನನ್ನ ಗುಮಾನಿ. ನಡುವೆ ಒಬ್ಬ ಹುಡುಗ ಹೆದರಿದರೆ ಒಳಗಿನ ಮಾತು ಒಳಗೇ ಉಳಿಯುವ ಮನೆ ಅದು.

ಮಗಳು ಹಾಗೆ ಅಂದ ಮೇಲೆ ಇದು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಗೌರಿ ಹಬ್ಬಕ್ಕೆ ಊರಿಗೆ ಹೋದೆ. ಅತ್ತೆಯೂ ಬಾಗಿನಕ್ಕೆ ಬಂದಿದ್ದರು. ಊಟ ಆದ ಮೇಲೆ, ಮನೆಗೆ ಒಯ್ಯಲು ಕಾಯಿ ಆರಿಸಬೇಕು ಅಂತ ಅಟ್ಟ ಹತ್ತಿದರು. ಹಿಂದೆಯೇ ನಾನೂ ಹತ್ತಿ ಎಲ್ಲ ಹೇಳಿಬಿಟ್ಟೆ. ಇಪ್ಪತ್ತೈದು ವರ್ಷದ ಮೇಲೆ.

ಅತ್ತೆ ನಕ್ಕರು. "ಅವ್ವ ಆವಾಗ್ಲೇ ನಂಗೆ ಹೇಳಿದ್ಳು ಕಣೋ. 'ಹುಡ್ಗ ಬಂದು ನೋಡೋಣ ಅಂದ್ರು ಅಂತಾನೆ. ಆ ಮನುಷ್ಯನ ಬಾಯಾಗೆ ನೋಡೋಣ ಅನ್ನೋದು ಯಾವತ್ತು ಬಂದಿತ್ತು? ಪಾಪ, ಹೆದ್ರಿಕೊಂಡೈತೆ ಮಗ' ಅಂತ."

"ಗೊತ್ತಿದ್ರೆ ಇನ್ನೊಂದ್ಸಲ ಯಾರ ಕೈಲಾದ್ರೂ ಯಾಕೆ ಹೇಳಿಸ್ಲಿಲ್ಲ?"

ಅತ್ತೆ ಒಂದು ಕಾಯಿ ತೆಗೆದು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು. ಅಜ್ಜಿಯ ಥರವೇ ಕಣ್ಣು ಮುಚ್ಚಿಕೊಂಡು.

"ಇದ್ರಾಗೆ ಇನ್ನೂ ನೀರೈತೆ" ಅಂದರು. "ಆ ಕಡೆಗಿಡು."