ದುಃಖ ಈ ವಾರ ಆರೂವರೆ

ಭಾನುವಾರ ಸಂಜೆ ಏಳಕ್ಕೆ ನಮಗೆ ರಿವ್ಯೂ ಇರುತ್ತದೆ. ಆಫೀಸಿನದ್ದಲ್ಲ, ಗಿಟಾರಿನದ್ದು. ನಾವು ನಾಲ್ಕು ಜನ, ಎಲ್ಲರೂ ನಲವತ್ತರ ಆಸುಪಾಸು, ಎಲ್ಲರಿಗೂ ಸ್ವಲ್ಪ ಬಿ.ಪಿ., ಒಂದು ದಿನ ಆಫೀಸ್ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಾ ಬ್ಲೂಸ್ ಗಿಟಾರ್ ಕಲಿಯೋಣ ಅಂತ ತೀರ್ಮಾನ ಮಾಡಿದವರು. ಅವತ್ತು ಗಿಟಾರ್ ಬರಲಿಲ್ಲ. ಗೂಗಲ್ ಶೀಟ್ ಬಂತು.

ಶೀಟಿನಲ್ಲಿ ಹದಿನೇಳು ಕಾಲಂ. ನುಡಿಸಿದ ನಿಮಿಷ, ಟಿಕ್ ಟಿಕ್ ಅಂತ ಲಯ ಹಾಕುವ ಮೆಟ್ರೋನೋಮಿನ ವೇಗ, ನಿಮಿಷಕ್ಕೆ ಎಷ್ಟು ಸಲ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗುಚ್ಛ) ಬದಲಾಯಿಸಿದೆ, ಬೆರಳ ತುದಿಯ ನೋವು ಹತ್ತಕ್ಕೆ ಎಷ್ಟು, ಬೆರಳು ಜಡ್ಡುಗಟ್ಟಿದೆಯೋ ಇಲ್ಲವೋ. ಜಡ್ಡಿಗೆ ಫೋಟೋ ಸಾಕ್ಷಿ ಬೇರೆ ಬೇಕು. ನಮ್ಮಜ್ಜಿಯ ಕೈ ಬಾವಿ ಹಗ್ಗ ಸೇದಿ ಸೇದಿ ಜಡ್ಡುಗಟ್ಟಿತ್ತು, ಪಾಪ ಯಾರೂ ಫೋಟೋ ತೆಗೆದು ಅಪ್‌ಲೋಡ್ ಮಾಡಿರಲಿಲ್ಲ. ಪ್ರತಿ ಸಾಲಿಗೂ ಹಸಿರು, ಹಳದಿ, ಕೆಂಪು ಬಣ್ಣ. ಬ್ಲೂಸ್ ಕಲಿಯುವವರ ಶೀಟಿನಲ್ಲಿ ಇಲ್ಲದ ಬಣ್ಣ ಅಂದರೆ ಬ್ಲೂ ಒಂದೇ.

ಕೊನೇ ಕಾಲಂ ಹೆಸರು 'ಫೀಲ್'. ಇದನ್ನು ಸೇರಿಸಿದವನು ನಮ್ಮ ಗುಂಪಿನ ಪ್ರಾಜೆಕ್ಟ್ ಮ್ಯಾನೇಜರ್. ಬ್ಲೂಸ್ ಅಂದರೆ ದುಃಖದ ಸಂಗೀತ ಕಣ್ರಪ್ಪಾ, ದುಃಖ ಅಳೆಯದೆ ಕಲಿತಿದ್ದೇವೆ ಅಂತ ಹೇಗೆ ಗೊತ್ತಾಗಬೇಕು ಅಂದ. ಒಪ್ಪಿದೆವು. ಮೂರು ತಿಂಗಳ ಗುರಿ ಎಂಟು. ನನ್ನದು ಮೊದಲ ವಾರ ನಾಲ್ಕು ಇತ್ತು, ಈಗ ಆರೂವರೆಗೆ ಬಂದು ನಿಂತಿದೆ. ಗುಂಪಿನಲ್ಲಿ ಒಬ್ಬನದು ಮಾತ್ರ ಒಂದು ವಾರ ಇದ್ದಕ್ಕಿದ್ದಂತೆ ಒಂಬತ್ತಕ್ಕೆ ಹಾರಿತು. ಏನಪ್ಪಾ ಹೊಸ ಟೆಕ್ನಿಕ್ ಅಂತ ಕೇಳಿದರೆ ಏನಿಲ್ಲ, ಅಪ್ರೈಸಲ್ ಲೆಟರ್ ಬಂತು ಅಂದ. ಹೀಗೆ ಬಂದ ದುಃಖ ಪ್ರಾಕ್ಟೀಸಿನಿಂದ ಬಂದದ್ದಲ್ಲ, ಲೆಕ್ಕಕ್ಕೆ ಹಿಡಿಯಬಾರದು ಅಂತ ಇಪ್ಪತ್ತು ನಿಮಿಷ ಚರ್ಚೆ ಆಯಿತು.

ರಿವ್ಯೂ ಸುಮಾರು ಎರಡು ಗಂಟೆ ನಡೆಯುತ್ತದೆ. "ಬ್ಲಾಕರ್ ಏನಾದ್ರೂ ಇದೆಯಾ?" ಅಂತ ಮ್ಯಾನೇಜರ್ ಕೇಳುತ್ತಾನೆ.

"ಇದೆ. ಕಿರುಬೆರಳು."

"ಡಿಪೆಂಡೆನ್ಸಿ?"

"ಹೆಂಡತಿ ತವರಿಗೆ ಹೋಗಬೇಕು."

ಎಲ್ಲಾ ಬರೆದುಕೊಳ್ಳುತ್ತಾನೆ. ಗಿಟಾರ್ ಮಾತ್ರ ಯಾರೂ ನುಡಿಸುವುದಿಲ್ಲ. ಒಮ್ಮೆ ನಾನು ಉಮೇದಿನಲ್ಲಿ ಗಿಟಾರ್ ತೊಡೆ ಮೇಲಿಟ್ಟುಕೊಂಡು ಶುರುಮಾಡಿದೆ. ಸ್ವಲ್ಪ ಮ್ಯೂಟ್ ಮಾಡ್ತೀಯಾ, ಇಲ್ಲಿ ಮಾತಾಡ್ತಾ ಇದ್ದೀವಿ ಅಂದರು.

ಇದು ನಮ್ಮ ನಾಲ್ವರ ರೋಗ ಅಂದುಕೊಳ್ಳಬೇಡಿ. ನಮ್ಮ ಮೇಲಿನ ಮನೆಯ ಅಂಕಲ್ ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಹಾಲ್‌ನಲ್ಲಿ ದಡಬಡ ನಡೆಯುತ್ತಾರೆ, ಯಾಕೆ ಅಂದರೆ ವಾಚಿನಲ್ಲಿ ಹತ್ತು ಸಾವಿರ ಹೆಜ್ಜೆಗೆ ಇನ್ನೂ ಆರುನೂರು ಬಾಕಿ ಇರುತ್ತದೆ, ಹನ್ನೆರಡು ಹೊಡೆದರೆ ಅವತ್ತು ನಡೆದದ್ದೆಲ್ಲ ಸೊನ್ನೆಗೆ ಬೀಳುತ್ತದೆ. ಬೆಳಿಗ್ಗೆ ಲಿಫ್ಟಿನಲ್ಲಿ ಸಿಕ್ಕಾಗ ಅದೇ ವಾಚು ನೋಡಿಕೊಂಡು ನಿದ್ದೆ ಸರಿಯಾಗಿಲ್ಲವಂತೆ ಅನ್ನುತ್ತಾರೆ. ತಾವು ಮಲಗಿದ್ದರೋ ಇಲ್ಲವೋ ಅನ್ನುವುದಕ್ಕೂ ಈಗ ಬೇರೆಯವರ ವರದಿ ಬೇಕು. ಎದುರು ಮನೆಯ ಯು.ಕೆ.ಜಿ. ಮಗುವಿಗೆ ಶಾಲೆಯಿಂದ ಪ್ರತಿ ಶುಕ್ರವಾರ ಗ್ರಾಫ್ ಬರುತ್ತದೆ. ಅದರಲ್ಲಿ 'ಹಂಚಿಕೊಂಡು ತಿನ್ನುವುದು' ಅನ್ನುವ ಗೆರೆ ಹೋದ ವಾರ ಕೆಳಗಿಳಿದಿದೆ, ತಾಯಿಗೆ ಊಟ ಸೇರುತ್ತಿಲ್ಲ.

ಸರಿ, ಬ್ಲೂಸ್‌ಗೆ ಬರೋಣ. ಇದರ ಲೆಕ್ಕ ತುಂಬಾ ಸುಲಭ, ಅದೇ ನಮ್ಮಂಥವರಿಗೆ ಮೋಸ ಮಾಡುವುದು. ಹನ್ನೆರಡು ಬಾರ್, ಬಾರಿಗೆ ನಾಲ್ಕು ಏಟು, ಒಟ್ಟು ನಲವತ್ತೆಂಟು. ಅಂದರೆ ಆದಿತಾಳ ಆರು ಆವರ್ತ ಹಾಕಿದಷ್ಟು. ಮೂರೇ ಕಾರ್ಡ್. ಎ7 ನಾಲ್ಕು ಬಾರ್, ಡಿ7 ಎರಡು, ವಾಪಸ್ ಎ7, ಆಮೇಲೆ ಇ7ಗೆ ಹೋಗಿ ಡಿ7 ಮುಟ್ಟಿ ಮನೆ ಸೇರುವುದು. ಹಾಡೂ ಅಷ್ಟೇ. ಒಂದು ಸಾಲು ಹೇಳು, ಅದನ್ನೇ ಇನ್ನೊಂದು ಸಲ ಹೇಳು, ಮೂರನೇ ಸಾಲಿನಲ್ಲಿ ಏಟು ಕೊಡು. ಪ್ರತಿ ಸಾಲಿನ ಕೊನೆಗೆ ಸ್ವಲ್ಪ ಜಾಗ ಖಾಲಿ ಬಿಟ್ಟಿರುತ್ತಾರೆ, ಅಲ್ಲಿ ಗಿಟಾರ್ ಹೂಂಗುಟ್ಟಬೇಕು. ಎರಡು ವಾರದಲ್ಲಿ ಮುಗಿಸಿಬಿಡಬಹುದು ಅನ್ನಿಸುತ್ತೆ ಅಲ್ವಾ? ನಮ್ಮ ಪ್ಲಾನಿನಲ್ಲೂ ಎರಡು ವಾರ ಅಂತಲೇ ಇತ್ತು.

ಇನ್ನು ಆಪ್ ಕತೆ. ಫೋನಿನ ಮೈಕ್‌ನಲ್ಲಿ ನಾವು ನುಡಿಸುವುದನ್ನು ಕೇಳಿ, ಸರಿ ಸ್ವರಕ್ಕೆ ಹಸಿರು, ತಪ್ಪಿಗೆ ಕೆಂಪು ಹಚ್ಚಿ ವಾರಕ್ಕೊಂದು ಅಂಕ ಕೊಡುವ ಆಪ್. ಮೊದಲ ಎಂಟು ವಾರ ನನ್ನ ಅಂಕ ಏರುತ್ತಲೇ ಹೋಯಿತು, ತೊಂಬತ್ತೊಂದು ಮುಟ್ಟಿತು, ಆಫೀಸಿನಲ್ಲಿ ಇಬ್ಬರಿಗೆ ಹೇಳಿದೆ ಕೂಡ. ಒಂಬತ್ತನೇ ವಾರ ಯಾರೋ ಒಬ್ಬ ಹಳೇ ಗಿಟಾರಿಸ್ಟ್ ನುಡಿಸುವುದನ್ನು ಹತ್ತಿರದಿಂದ ನೋಡಿದೆ. ಮೂರನೇ ತಂತಿ, ಐದನೇ ಫ್ರೆಟ್, ಅಂದರೆ ವೀಣೆಯ ಮೆಟ್ಟಿಲಿನಂಥ ಅಡ್ಡಪಟ್ಟಿ. ಅಲ್ಲಿ ಸಿಗುವ ಸ್ವರ ಸಿ. ಅದನ್ನು ಆತ ಸುಮ್ನೆ ಒತ್ತಿ ಬಿಡಲಿಲ್ಲ. ತೋರುಬೆರಳಿನಲ್ಲಿ ತಂತಿಯನ್ನು ಕೂದಲೆಳೆಯಷ್ಟು ಕೆಳಗೆ ಎಳೆದ. ಸ್ವರ ಸಿ ಬಿಟ್ಟು ಮೇಲಕ್ಕೆ ಹೋಯಿತು, ಮುಂದಿನ ಸ್ವರ ಸಿ ಶಾರ್ಪ್ ತಲುಪಲಿಲ್ಲ, ನಡುವೆ ಎಲ್ಲೋ ನಿಂತು ನರಳಿತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ಮಧ್ಯದ ಸಂದಿ. ಬ್ಲೂಸ್ ಇರುವುದೇ ಆ ಸಂದಿಯಲ್ಲಿ. ಪಿಯಾನೋದಲ್ಲಿ ಅದಕ್ಕೆ ಮನೆಯೇ ಇಲ್ಲ.

ಹದಿನೈದು ದಿನ ಕೂತು ಅದೊಂದನ್ನೇ ಎಳೆದೆ. ಒಂದು ರಾತ್ರಿ ಬಂದೇಬಿಡ್ತು. ಮೈ ಜುಂ ಅಂತು. ಆಪ್ ನೋಡಿದರೆ ಕೆಂಪು. 'ತಪ್ಪು. 40 ಸೆಂಟ್ ಜಾಸ್ತಿ.' ಒಂದು ಅರ್ಧಸ್ವರವನ್ನು ನೂರು ಭಾಗ ಮಾಡಿದರೆ ಒಂದು ಭಾಗ ಒಂದು ಸೆಂಟ್, ನಾನು ಅಂಥ ನಲವತ್ತು ಮೇಲಿದ್ದೆ. ಇನ್ನೊಂದು ಸಲ ಎಳೆದೆ, ಇನ್ನೂ ಚೆನ್ನಾಗಿ ಬಂತು, ಇನ್ನೂ ಕೆಂಪಾಯಿತು. ಬ್ಲೂಸ್ ಬರುತ್ತಾ ಬಂದಂತೆ ಅಂಕ ಬೀಳುತ್ತಾ ಹೋಯಿತು. ಹನ್ನೊಂದನೇ ವಾರ ಅರವತ್ತನಾಲ್ಕು. 'ನೀವು ಹಿಂದೆ ಬೀಳುತ್ತಿದ್ದೀರಿ, ಮೊದಲ ಪಾಠದಿಂದ ಮತ್ತೆ ಶುರುಮಾಡಿ' ಅಂತ ಗೂಬೆ ಚಿತ್ರ ಹಾಕಿ ಮೆಸೇಜ್ ಬಂತು.

ಮೈಸೂರಿನ ಅತ್ತೆಗೆ ಫೋನ್ ಮಾಡಿ ಅಳಲು ತೋಡಿಕೊಂಡೆ. ಅತ್ತೆ ಐವತ್ತು ವರ್ಷ ವೀಣೆ ಹಿಡಿದವರು. ನುಡಿಸೋ ನೋಡೋಣ ಅಂದರು. ಸ್ಪೀಕರ್ ಹಾಕಿ ನುಡಿಸಿದೆ.

"ಶುದ್ಧ ಧನ್ಯಾಸಿ ಅಲ್ವೇನೋ ಇದು?"

"ಅಲ್ಲ ಅತ್ತೆ, ಎ ಮೈನರ್ ಪೆಂಟಾಟಾನಿಕ್."

"ಅದೇ ಕಣೋ, ಅದೇ ಐದು ಸ್ವರ. ಮಧ್ಯದಲ್ಲಿ ಗಾಂಧಾರ ಹಿಡಿದು ಎಳೆದ್ಯಲ್ಲ, ಅದೊಂದು ಚೆನ್ನಾಗಿತ್ತು. ಉಳಿದಿದ್ದೆಲ್ಲ ಟೈಪಿಂಗ್ ಥರ ಇದೆ."

ಆಪ್ ಕೆಂಪು ಹಚ್ಚಿದ್ದು ಅದೊಂದಕ್ಕೇ. ಟೈಪಿಂಗಿಗೆಲ್ಲ ಹಸಿರು. ಅತ್ತೇ, ನೀವು ಸರಳೆ ವರಸೆ ಎಷ್ಟು ವಾರ ಮಾಡಿದ್ರಿ, ಶೀಟಿನಲ್ಲಿ ಹಾಕಿಕೊಳ್ಳುತ್ತೇನೆ ಅಂದೆ. ಎಷ್ಟು ವಾರ ಅಂದ್ರೇನೋ, ಮೇಷ್ಟ್ರು ಹೂಂ ಅನ್ನೋವರೆಗೆ ಅಂದರು. ಹೂಂ ಅನ್ನದೇ ಇದ್ದರೆ? ನಾಳೆ ಮತ್ತೆ ಅದೇ. ಒಂದು ಜಂಟಿ ವರಸೆಗೆ ಮೇಷ್ಟ್ರು ಇಡೀ ಮಳೆಗಾಲ ಹೂಂ ಅನ್ನಲಿಲ್ಲವಂತೆ. ಆ 'ಹೂಂ'ಗೆ ನಮ್ಮ ಶೀಟಿನಲ್ಲಿ ಕಾಲಂ ಇಲ್ಲ. ಸೇರಿಸೋಣ ಅಂದರೆ ಹೂಂ ಅನ್ನುವವರೂ ಇಲ್ಲ.

ಈ ಶೀಟಿನಲ್ಲಿ ಬ್ಲೂಸ್‌ನ ದೊಡ್ಡವರನ್ನೆಲ್ಲ ಕೂರಿಸಿ ನೋಡುವ ಚಟ ಹತ್ತಿದೆ ನನಗೆ. ತನಗೆ ಕಾರ್ಡ್ ನುಡಿಸಲು ಅಷ್ಟಾಗಿ ಬರಲ್ಲ ಅಂತ ಬಿ.ಬಿ. ಕಿಂಗ್ ತಾನೇ ಹೇಳಿಕೊಳ್ಳುತ್ತಿದ್ದ. ಕಾರ್ಡ್ ಕಾಲಂ, ಕೆಂಪು. ಜಾನ್ ಲೀ ಹೂಕರ್ ಹನ್ನೆರಡು ಬಾರ್ ಎಣಿಸುವ ಗೋಜಿಗೇ ಹೋಗುತ್ತಿರಲಿಲ್ಲ, ಮನಸ್ಸು ಬಂದಾಗ ಕಾರ್ಡ್ ಬದಲಾಯಿಸುತ್ತಿದ್ದ, ಕೆಲವೊಮ್ಮೆ ಬದಲಾಯಿಸುತ್ತಲೇ ಇರಲಿಲ್ಲ. ಕೆಂಪು. ಬ್ಲೂಸ್ ಹುಟ್ಟಿದ ಅಮೆರಿಕದ ಮಿಸಿಸಿಪ್ಪಿ ಡೆಲ್ಟಾದ ಎಷ್ಟೋ ಮಕ್ಕಳು ಶುರುಮಾಡಿದ್ದು ಗೋಡೆಗೆ ಎರಡು ಮೊಳೆ ಹೊಡೆದು, ಪೊರಕೆ ಕಟ್ಟಿದ ತಂತಿ ಬಿಚ್ಚಿ ಎಳೆದು ಕಟ್ಟಿ, ಬಾಟಲಿ ಜಾರಿಸಿ ನುಡಿಸುತ್ತಾ. ನಮ್ಮ ಸಲಕರಣೆ ಕಾಲಂನಲ್ಲಿ ಪೊರಕೆ ಅಂತ ಬರೆದರೆ ಮ್ಯಾನೇಜರ್ ಫೋನೇ ಮಾಡುತ್ತಾನೆ.

ರಾಬರ್ಟ್ ಜಾನ್ಸನ್ ಕತೆ ನಿಮಗೆ ಗೊತ್ತಿರುತ್ತದೆ. ಮಿಸಿಸಿಪ್ಪಿಯ ಹುಡುಗ, ಗಿಟಾರ್ ಹಿಡಿದರೆ ಜನ ಕಿವಿ ಮುಚ್ಚಿಕೊಳ್ಳುತ್ತಿದ್ದರು ಅಂತ ಹಿರಿಯ ಗಾಯಕ ಸನ್ ಹೌಸ್ ನೆನಪು ಮಾಡಿಕೊಂಡಿದ್ದಾನೆ. ಹುಡುಗ ಊರು ಬಿಟ್ಟು ಹೋದ. ವಾಪಸ್ ಬಂದಾಗ ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳಿದರು. ನಡುರಾತ್ರಿ ನಾಲ್ಕು ರಸ್ತೆ ಕೂಡುವಲ್ಲಿ ದೆವ್ವಕ್ಕೆ ಆತ್ಮ ಮಾರಿದ, ದೆವ್ವ ಗಿಟಾರ್ ಶ್ರುತಿ ಮಾಡಿಕೊಟ್ಟಿತು ಅಂತ ಜನ ಹೇಳಿದರು. ಅಸಲಿಗೆ ಐಕ್ ಜಿಮ್ಮರ್‌ಮನ್ ಅನ್ನುವವನ ಹತ್ತಿರ ಕಲಿತನಂತೆ, ಇಬ್ಬರೂ ರಾತ್ರಿ ಹೊತ್ತು ಸ್ಮಶಾನದಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದರಂತೆ. ಅಕ್ಕಪಕ್ಕದವರ ದೂರು ಬರದ ಜಾಗ, ಅಪಾರ್ಟ್‌ಮೆಂಟಿನಲ್ಲಿ ಆ ಅನುಕೂಲ ಎಲ್ಲಿ. 1936 ಮತ್ತು 1937ರಲ್ಲಿ ಇಪ್ಪತ್ತೊಂಬತ್ತು ಹಾಡು ರೆಕಾರ್ಡ್ ಮಾಡಿ, 1938ರಲ್ಲಿ ಇಪ್ಪತ್ತೇಳನೇ ವಯಸ್ಸಿಗೆ ಸತ್ತ. ನಮ್ಮ ರಿವ್ಯೂನಲ್ಲಿ ಇವನಿದ್ದಿದ್ದರೆ ಊರು ಬಿಟ್ಟ ಮೂರನೇ ವಾರಕ್ಕೇ 'ಅಪ್‌ಡೇಟ್ ಇಲ್ಲ' ಅಂತ ಗುಂಪಿನಿಂದ ತೆಗೆದುಹಾಕಿರುತ್ತಿದ್ದೆವು. ಆದರೂ ದೆವ್ವ ವ್ಯವಹಾರದಲ್ಲಿ ನಿಯತ್ತಿನದು. ಒಂದೇ ಸಲ ತಗೊಂಡಿತು, ಕೆಲಸ ಮಾಡಿಕೊಟ್ಟಿತು. ಆಪ್ ತಿಂಗಳು ತಿಂಗಳೂ ಕತ್ತರಿಸುತ್ತದೆ, ನಿಲ್ಲಿಸುವ ಬಟನ್ ಎಲ್ಲಿದೆ ಅಂತ ನಾನಿನ್ನೂ ಹುಡುಕುತ್ತಿದ್ದೇನೆ.

ನನಗೆ ನಿಜಕ್ಕೂ ಹೊಟ್ಟೆ ಉರಿದದ್ದು ಹದಿನಾಲ್ಕನೇ ವಾರ. ದಿನಕ್ಕೆ ಅರ್ಧ ಗಂಟೆ ನನ್ನ ಗುರಿ. ನುಡಿಸದೇ ಇದ್ದ ದಿನದ ನಿಮಿಷವನ್ನು ಆಪ್ ಬಿಡುವುದಿಲ್ಲ, ಮುಂದಿನ ವಾರಕ್ಕೆ ಸೇರಿಸುತ್ತದೆ. ಹದಿನಾಲ್ಕು ವಾರಕ್ಕೆ 2,940 ನಿಮಿಷ ನುಡಿಸಬೇಕಿತ್ತು, ನುಡಿಸಿದ್ದು 2,310. 'ನಿಮ್ಮ ಬಾಕಿ 630 ನಿಮಿಷ' ಅಂತ ತೋರಿಸಿತು. ಬಾಕಿ! ಯಾರಿಗೆ ಸ್ವಾಮೀ ನಾನು ಬಾಕಿ?

ಈ ಸಂಗೀತ ಹುಟ್ಟಿದ್ದೇ ಬಾಕಿ ಅನ್ನುವ ಮಾತಿನ ಕೆಳಗೆ ನಲುಗಿದವರ ಮಧ್ಯೆ. ಮಿಸಿಸಿಪ್ಪಿ ಡೆಲ್ಟಾದಲ್ಲಿ ಕಪ್ಪು ಜನ ಧಣಿಯ ಹತ್ತಿ ಹೊಲವನ್ನು ಕೋರಿಗೆ ಮಾಡುತ್ತಿದ್ದರು. ಬೀಜ, ಹೇಸರಗತ್ತೆ, ಹಿಟ್ಟು, ಬಟ್ಟೆ ಎಲ್ಲಾ ಸಾಲ, ಎಷ್ಟೋ ಕಡೆ ಧಣಿಯದೇ ಅಂಗಡಿಯಿಂದ. ವರ್ಷದ ಕೊನೆಗೆ ಲೆಕ್ಕ. ಪುಸ್ತಕ ಧಣಿಯ ಕೈಯಲ್ಲಿ, ಬರೆಯುವವನೂ ಅವನೇ, ಓದಿ ಹೇಳುವವನೂ ಅವನೇ. ಎಷ್ಟು ಹತ್ತಿ ಬಿಡಿಸಿದರೂ ಬಹಳ ಜನರಿಗೆ ಕೊನೆಗೆ ಬಾಕಿಯೇ ಉಳಿಯುತ್ತಿತ್ತು. ನಮ್ಮ ಕಡೆ ಜೀತಕ್ಕಿದ್ದವರ ಮನೆಯಲ್ಲಿ ಸಾಹುಕಾರರ ಕಿರ್ದಿ ಪುಸ್ತಕ ಏನು ಮಾಡಿತು ಅಂತ ಹೊಸದಾಗಿ ಹೇಳಬೇಕಾಗಿಲ್ಲ. ಬಿ.ಬಿ. ಕಿಂಗ್ 1946ರಲ್ಲಿ ಧಣಿಯ ಟ್ರ್ಯಾಕ್ಟರಿನ ಹೊಗೆ ಕೊಳವೆ ಮುರಿದು, ಹೆದರಿ, ಗಿಟಾರ್ ಎತ್ತಿಕೊಂಡು ಮೆಂಫಿಸ್‌ಗೆ ಓಡಿದವನು. ಸ್ಟೋವಾಲ್ ಪ್ಲಾಂಟೇಶನ್ನಿನಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಗಂಟೆಗೆ ಇಪ್ಪತ್ತೆರಡೂವರೆ ಸೆಂಟ್ ಇದ್ದ ಕೂಲಿಯನ್ನು ಇಪ್ಪತ್ತೈದು ಮಾಡಿ ಅಂತ ಕೇಳಿದ, ಮೇಸ್ತ್ರಿ ಆಗಲ್ಲ ಅಂದ, 1943ರಲ್ಲಿ ಅವನು ಷಿಕಾಗೋ ರೈಲು ಹತ್ತಿದ. ಅವನು ಎರಡೂವರೆ ಸೆಂಟ್ ಜಾಸ್ತಿ ಕೇಳಿದ್ದಕ್ಕೆ ಇಲ್ಲ ಅನ್ನಿಸಿಕೊಂಡ, ನಾನು ನಲವತ್ತು ಸೆಂಟ್ ಜಾಸ್ತಿ ನುಡಿಸಿದ್ದಕ್ಕೆ ತಪ್ಪು ಅನ್ನಿಸಿಕೊಂಡೆ. ಅವನು ಪುಸ್ತಕ ಬಿಟ್ಟು ಓಡಿದ. ನಾನು ದುಡ್ಡು ಕೊಟ್ಟು ಪುಸ್ತಕ ತೆರೆಸಿ, ದಿನಾ ರಾತ್ರಿ ಹೋಗಿ ಹೆಬ್ಬೆಟ್ಟು ಒತ್ತಿ ಬರುತ್ತಿದ್ದೇನೆ. ಫೋನ್ ತೆರೆಯುವುದೂ ಹೆಬ್ಬೆಟ್ಟಿನಲ್ಲೇ.

ಇದನ್ನೆಲ್ಲ ರಿವ್ಯೂನಲ್ಲಿ ಹೇಳಿದೆ. ಮ್ಯಾನೇಜರ್ ಗಂಭೀರವಾಗಿ ಕೇಳಿಸಿಕೊಂಡು, ಒಳ್ಳೇ ಪಾಯಿಂಟು, 'ಇತಿಹಾಸ ಓದಿದ ನಿಮಿಷ' ಅಂತ ಹದಿನೆಂಟನೇ ಕಾಲಂ ಹಾಕೋಣ ಅಂದ.

ಮಾರನೇ ದಿನ ಸೋಮವಾರ. ಆಫೀಸಿನಿಂದ ತಡವಾಗಿ ಬಂದವನು ಹಾಗೇ ಗಿಟಾರ್ ತೊಡೆ ಮೇಲಿಟ್ಟುಕೊಂಡು ಕೂತೆ, ಪಕ್ಕದಲ್ಲಿ ಫೋನ್. ಅಡುಗೆಮನೆ ಬಾಗಿಲಿಗೆ ಹೆಂಡತಿ ಬಂದು ನಿಂತಳು.

"ಗ್ಯಾಸ್ ಮುಗಿದಿದೆ ಅಂತ ಬೆಳಿಗ್ಗೇನೇ ಹೇಳಿದ್ದೆ ಕಣ್ರೀ."

ನಾನು ತಲೆ ಎತ್ತಲಿಲ್ಲ.

"ಗ್ಯಾಸ್ ಮುಗಿದಿದೆ ಅಂತ ಬೆಳಿಗ್ಗೇನೇ ಹೇಳಿದ್ದೆ ಕಣ್ರೀ!"

ಅಲ್ಲೊಂದು ಖಾಲಿ ಜಾಗ ಸಿಕ್ಕಿತು. ಬೇಕಂತ ಮಾಡಲಿಲ್ಲ, ದೇವರಾಣೆ. ಬೆರಳು ತಾನಾಗಿಯೇ ಮೂರನೇ ತಂತಿಗೆ ಹೋಗಿ, ಐದನೇ ಫ್ರೆಟ್ ಹಿಡಿದು, ಕೂದಲೆಳೆಯಷ್ಟು ಎಳೆಯಿತು. ಹದಿನಾಲ್ಕು ವಾರದಲ್ಲಿ ಅಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ.

"ಆ ಗಿಟಾರ್ ಒಲೆಗೆ ಹಾಕಿದ್ರೆ ಒಂದು ಹೊತ್ತಿನ ಅನ್ನ ಆಗುತ್ತೆ, ನೋಡ್ತಿರಿ."

ಸಿಲಿಂಡರ್ ಬುಕ್ ಮಾಡಲು ಫೋನ್ ಎತ್ತಿಕೊಂಡೆ. ಆಪ್ ಕಿವಿ ತೆರೆದುಕೊಂಡೇ ಕೂತಿತ್ತು. ನುಡಿಸಿದ ಸ್ವರ ಒಂದು. ತಪ್ಪು ಒಂದು. ಬಾಕಿ 660 ನಿಮಿಷ.