ಎಪ್ಪತ್ತೊಂದನೇ ಪುಟ

ಓದುವ ಚಟ ಇರುವ ಇಬ್ಬರು ಎದುರಾದರೆ ಕ್ಷೇಮ ಸಮಾಚಾರ ಎರಡೇ ನಿಮಿಷಕ್ಕೆ ಮುಗಿಯುತ್ತದೆ. ಆಮೇಲೆ ಬರುವುದೇ ಅಸಲಿ ವಿಚಾರ. ‘ಮತ್ತೆ, ಈಗ ಏನು ಓದ್ತಾ ಇದ್ದೀರಿ?’ ಕೇಳುವವರಿಗೇನೋ ಸಲೀಸು. ಉತ್ತರ ಹೇಳಬೇಕಾದವರ ಪಾಡು ಅವರಿಗೇ ಗೊತ್ತು.

ಇತ್ತೀಚೆಗೆ ಏನು ಓದಿದಿರಿ ಅಂತ ಕೇಳಿದರೆ ನಾನು ಧೈರ್ಯವಾಗಿ ಹೇಳುತ್ತೇನೆ. ಓದಿ ಮುಗಿಸಿದ್ದು ಬ್ಯಾಂಕಿನಲ್ಲಿಟ್ಟ ದುಡ್ಡಿನ ಹಾಗೆ. ಎಷ್ಟು ನೆನಪಿದೆ ಅಂತ ಯಾರೂ ಪಾಸ್‌ಬುಕ್ ತೆಗೆಸಿ ನೋಡುವುದಿಲ್ಲ. ಮುಂದೆ ಏನು ಓದುತ್ತೀರಿ ಅಂದರೆ ಇನ್ನೂ ಖುಷಿ. ಆಸೆಗೇನು, ಬಾಯಿ ಬಿಟ್ಟಷ್ಟೂ ಉದ್ದ. ತೊಡಕೆಲ್ಲ ಇರುವುದು ನಡುವಿನ ಪ್ರಶ್ನೆಯಲ್ಲಿ. ‘ಈಗ’ ಅಂದರೆ ಯಾವಾಗ? ನಿನ್ನೆ ರಾತ್ರಿ ಎರಡು ಪುಟ ಓದಿ, ಎದೆಯ ಮೇಲೆ ಕವುಚಿಕೊಂಡೇ ನಿದ್ದೆ ಹೋದೆನಲ್ಲ, ಅದಾ? ನಾಲ್ಕು ತಿಂಗಳ ಹಿಂದೆ ಶುರು ಮಾಡಿ, ಈಗ ಬರೀ ಧೂಳು ಒರೆಸುವಾಗ ಮಾತ್ರ ಕೈಗೆತ್ತಿಕೊಳ್ಳುವ ಪುಸ್ತಕವಾ? ಯಾರಿಗಾದರೂ ಕಾಯುವಾಗ ಫೋನಿನಲ್ಲಿ ಓದುವ ಇನ್ನೊಂದು ಉಂಟು. ಅದು ಶುರುವಾದದ್ದು ಯಾವಾಗ ಅಂತ ನನಗೇ ಮರೆತಿದೆ.

ಚಾರ್ಲ್ಸ್ ಡಾರ್ವಿನ್ ಈ ವಿಷಯದಲ್ಲಿ ಜಾಣ. 1838ರಿಂದ 1860ರವರೆಗೆ ಓದಿನ ಲೆಕ್ಕಕ್ಕೆಂದೇ ನೋಟುಪುಸ್ತಕ ಇಟ್ಟಿದ್ದ. ಓದಬೇಕಾದ ಪುಸ್ತಕಗಳದ್ದು ಒಂದು ಪಟ್ಟಿ, ಓದಿದವುಗಳದ್ದು ಇನ್ನೊಂದು. ನಡುವೆ ಸಿಕ್ಕಿಕೊಂಡು ಒದ್ದಾಡುವ ಪುಸ್ತಕಗಳಿಗೆ ಪಟ್ಟಿಯ ಯೋಗವೇ ಇಲ್ಲ! ಇದೇ ಮಹಾನುಭಾವ ದಪ್ಪ ಪುಸ್ತಕ ಕೈಗೆ ಭಾರ ಅನಿಸಿದರೆ ಅದನ್ನು ಕತ್ತರಿಸಿ ಎರಡು ಭಾಗ ಮಾಡಿಕೊಳ್ಳುತ್ತಿದ್ದನಂತೆ. ಅವನ ಮಗನೇ ಬರೆದಿಟ್ಟಿದ್ದಾನೆ. ಎಷ್ಟು ದೊಡ್ಡ ವಿಜ್ಞಾನಿಯಾದರೂ ಸರಿ, ಅಂಥವರಿಗೆ ನಾನಂತೂ ಪುಸ್ತಕ ಕಡ ಕೊಡುವವನಲ್ಲ.

ನಾನೂ ಪಟ್ಟಿ ಬರೆಯುತ್ತೇನೆ. ಓದಬೇಕಾದವು ಸದ್ಯಕ್ಕೆ 214. ಒಂದು ದಿನ ಸುಮ್ನೆ ಕೂತು ಲೆಕ್ಕ ಹಾಕಿದೆ. ಹಾಕಬಾರದಿತ್ತು. ತಿಂಗಳಿಗೆ ಎರಡು ಅಂತ ಹಿಡಿದರೆ ವರ್ಷಕ್ಕೆ 24. ಅಂದರೆ ಒಂದೂ ಹೊಸ ಹೆಸರು ಸೇರಿಸದೆ ಓದಿದರೂ ಹತ್ತಿರ ಹತ್ತಿರ ಒಂಬತ್ತು ವರ್ಷ ಬೇಕು. ನಲವತ್ತು ವರ್ಷ ಬಿಡದೆ ಓದಿದರೂ 960. ಸಾವಿರವೂ ಮುಟ್ಟಲಿಲ್ಲ! ಹಾಡುಗಾರ ಆರ್ಟ್ ಗಾರ್ಫಂಕಲ್ 1968ರಿಂದ ತಾನು ಓದಿದ ಪುಸ್ತಕಗಳನ್ನೆಲ್ಲ ಬರೆದಿಟ್ಟುಕೊಂಡು ಬಂದಿದ್ದಾನೆ. ಆ ಪಟ್ಟಿ ಸಾವಿರ ದಾಟಿದೆ ಅಂತ ಕೇಳಿದಾಗ ಮೊದಲು ‘ಇಷ್ಟೇನಾ’ ಅನಿಸಿತ್ತು. ಲೆಕ್ಕ ಮಾಡಿದ ಮೇಲೆ ಕೈ ಮುಗಿದೆ.

ಇಷ್ಟಾದ ಮೇಲಾದರೂ ಬುದ್ಧಿ ಬರಬೇಕಲ್ಲ. ತಿಂಗಳಿಗೊಂದು ಭಾನುವಾರ ನಾವು ಐದು ಜನ ಸೇರುತ್ತೇವೆ. ಓದಿದ್ದು, ಓದುತ್ತಿರುವುದು, ಓದಬೇಕಾದ್ದು ಎಲ್ಲ ಹರಟುತ್ತೇವೆ. ಎದ್ದು ಹೊರಡುವಾಗ ಎಲ್ಲರ ಪಟ್ಟಿಗೂ ನಾಲ್ಕು ಹೆಸರು ಜಾಸ್ತಿಯಾಗಿರುತ್ತದೆ. ತಿಂಗಳಿಗೆ ಓದುವುದು ಎರಡು, ಸೇರುವುದು ನಾಲ್ಕು. ಈ ಸಾಲ ಯಾವ ಜನ್ಮದಲ್ಲಿ ತೀರಬೇಕೋ.

ಕೊಂಡು ತಂದು, ಓದದೆ ಒಟ್ಟಿಕೊಂಡು ಹೋಗುವುದಕ್ಕೆ ಜಪಾನೀ ಭಾಷೆಯಲ್ಲಿ ‘ತ್ಸುಂಡೊಕು’ ಅಂತ ಒಂದು ಹೆಸರೇ ಇದೆ. ಗುಡ್ಡೆ ಹಾಕಿ ಇಡುವುದು, ಓದುವುದು, ಎರಡನ್ನೂ ಬೆಸೆದು ಮಾಡಿದ ಮಾತು. ನಮ್ಮಲ್ಲಿ ಅದಕ್ಕೆ ಗಾದೆಯೇ ಸಾಕು. ಹಿತ್ತಲ ಗಿಡ ಮದ್ದಲ್ಲ. ನನ್ನ ಕಪಾಟಿನಲ್ಲೇ ಹತ್ತು ವರ್ಷದಿಂದ ನಿಂತಿರುವ ಪುಸ್ತಕ ಕಣ್ಣಿಗೆ ಬೀಳುವುದಿಲ್ಲ. ಅದೇ ಪುಸ್ತಕ ಗೆಳೆಯರ ಕೈಯಲ್ಲಿ ಕಂಡರೆ ‘ಅಯ್ಯೋ, ಇದು ಒಂದು ವಾರ ನನಗೆ ಬೇಕು’ ಅಂತ ಇಸಿದುಕೊಂಡು ಬರುತ್ತೇನೆ. ಮನೆಗೆ ಬಂದು ನೋಡಿದರೆ ಎರಡು ಪ್ರತಿ. ಹೀಗೆ ಒಂದಲ್ಲ, ಎರಡು ಸಲ ಆಗಿದೆ.

ಹೇಳುವ ರೀತಿಯಲ್ಲೂ ಒಬ್ಬೊಬ್ಬರದು ಒಂದೊಂದು. ನಮ್ಮಲ್ಲೊಬ್ಬರು ಎಣಿಕೆಯವರು. ‘ಈ ವರ್ಷದ ಮೂವತ್ತೊಂದನೆಯದು’ ಅಂತಲೇ ಶುರು ಮಾಡುತ್ತಾರೆ. ಪುಸ್ತಕದ ಹೆಸರು ಆಮೇಲೆ. ಇನ್ನೊಬ್ಬರು ಕಥೆಯನ್ನು ಕಡೆಯವರೆಗೂ ಹೇಳಿಬಿಟ್ಟು ‘ನೀವೂ ಓದಿ’ ಅನ್ನುತ್ತಾರೆ. ಇನ್ನು ಓದೋದಕ್ಕೆ ಏನು ಉಳಿದಿದೆ ಅಲ್ವಾ? ನನಗೆ ಎಲ್ಲಕ್ಕಿಂತ ಭಯ ‘ಓದಲೇಬೇಕು’ ಅನ್ನುವವರದ್ದು. ಆ ಒಂದು ‘ಲೇ’ ಸೇರಿಸಿದ ಕೂಡಲೇ ಪುಸ್ತಕ ಹೋಂವರ್ಕ್ ಆಗುತ್ತದೆ. 1931ರಲ್ಲಿ ಗ್ರಂಥಾಲಯಗಳಿಗೆ ಐದು ಸೂತ್ರ ಹಾಕಿಕೊಟ್ಟ ಎಸ್. ಆರ್. ರಂಗನಾಥನ್ ಎಲ್ಲರೂ ಒಂದೇ ಪುಸ್ತಕ ಓದಲಿ ಅಂದವರಲ್ಲ. ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಅಂದರು. ಗಂಡು ಹೆಣ್ಣು ನೋಡುವ ಕೆಲಸ ಇದ್ದ ಹಾಗೆ. ಸಂಬಂಧ ಹೇಳಬಹುದು, ಕೈ ಹಿಡಿದು ಎಳೆಯಬಾರದು. ಯಾರಾದರೂ ಒಂದೇ ಒಂದು ಪುಟದ ಬಗ್ಗೆ, ಮಳೆಯಲ್ಲಿ ನಿಂತ ಒಂದು ಪಾತ್ರದ ಬಗ್ಗೆ ಹೇಳಿ ಅಲ್ಲಿಗೇ ಮಾತು ನಿಲ್ಲಿಸಿದರೆ, ಆ ಪುಸ್ತಕ ಹುಡುಕಿಕೊಂಡು ಹೋಗದೆ ನನಗೆ ನಿದ್ದೆ ಬರುವುದಿಲ್ಲ.

ಕಳೆದ ವರ್ಷ ಒಬ್ಬ ಗೆಳೆಯರು ಹೀಗೇ ನನ್ನ ನಿದ್ದೆ ಕೆಡಿಸಿದರು. ಒಂದು ದಪ್ಪ ಕಾದಂಬರಿ. ನಲವತ್ತು ನಿಮಿಷ ಮಾತಾಡಿದರು. ಪಾತ್ರಗಳು ನಮ್ಮ ನಡುವೆಯೇ ಬಂದು ಕೂತ ಹಾಗಾಯಿತು. ‘ಪುಸ್ತಕ ಕೊಡಿ’ ಅಂದೆ. ಅವರು ಸ್ವಲ್ಪ ಅನುಮಾನಿಸಿದರು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ವೀರಭದ್ರ ಅನ್ನುವ ಹೆದರಿಕೆ ಇರಬೇಕು ಅಂದುಕೊಂಡೆ. ವಿಷಯ ಬೇರೆಯೇ ಇತ್ತು.

ಮನೆಗೆ ತಂದು ಬಿಡಿಸಿದೆ. ಮೊದಲ ಪುಟದಿಂದಲೇ ಪೆನ್ಸಿಲ್ ಗೆರೆ. ಅಂಚಿನಲ್ಲಿ ‘ಆಹಾ’, ‘ಹೌದು ಹೌದು’, ಒಂದು ಕಡೆ ಬರೀ ಮೂರು ಆಶ್ಚರ್ಯ ಚಿಹ್ನೆ. 58ನೇ ಪುಟದಲ್ಲಿ ಇಡೀ ಪ್ಯಾರಾಕ್ಕೆ ಚೌಕ ಹಾಕಿದ್ದರು. ಪೆನ್ಸಿಲ್ ಒತ್ತಿದ ರಭಸಕ್ಕೆ ಹಾಳೆಯ ಹಿಂಬದಿಯಲ್ಲಿ ಗೆರೆ ಉಬ್ಬಿತ್ತು. 64ನೇ ಪುಟದವರೆಗೆ ಇದೇ ಸಂಭ್ರಮ. ಆಮೇಲೆ ನೀರವ. ಒಂದು ಚುಕ್ಕೆಯೂ ಇಲ್ಲ. 64, 65ರ ನಡುವೆ ನಾಲ್ಕಾಗಿ ಮಡಿಸಿದ ಕರೆಂಟ್ ಬಿಲ್. ಬಿಡಿಸಿ ನೋಡಿದೆ, ಎರಡು ವರ್ಷ ಹಳೆಯದು. ಅಲ್ಲಿಂದ ಮುಂದಿನ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಸರ್ರನೆ ಬಿಡಿಸಬೇಕಾಯಿತು. ಬೆನ್ನು ನೋಡಿದರೆ ಅಲ್ಲಿಯೂ ಸಾಕ್ಷಿ. ಆರಂಭದ ಕಡೆ ಬಿಳಿ ಮಡಿಕೆಗಳು, ಉಳಿದದ್ದು ಅಂಗಡಿಯಿಂದ ಬಂದ ಹಾಗೇ ಹೊಸತು.

ಮಹಾರಾಯರು 64 ಪುಟ ಓದಿ ನಲವತ್ತು ನಿಮಿಷ ಮಾತಾಡಿದ್ದರು!

ಮೊದಲು ಸಿಟ್ಟು ಬಂತು. ಎರಡು ದಿನ ಕಳೆದ ಮೇಲೆ ಮೆಚ್ಚುಗೆ. ಪೂರ್ತಿ ಓದಿದವರು ಅಷ್ಟು ಚೆನ್ನಾಗಿ ಮಾತಾಡುವುದಿಲ್ಲ, ಗಮನಿಸಿ ನೋಡಿ. ಮುಗಿಸಿದವರ ಮಾತಿನಲ್ಲಿ ಆಗಲೇ ತೀರ್ಪು ಬಂದು ಕೂತಿರುತ್ತದೆ. ಕೊನೆ ಜಾಳಾಯಿತು, ನಡುವೆ ಎಳೆದಿದ್ದಾರೆ, ಒಟ್ಟಿನಲ್ಲಿ ಪರವಾಗಿಲ್ಲ. ನಡುವೆ ಇರುವವರಿಗೆ ಮಾತ್ರ ಆ ಪುಸ್ತಕ ಇನ್ನೂ ಏನು ಬೇಕಾದರೂ ಆಗಬಹುದು. ಅವರ ಮಾತಿನಲ್ಲಿ ಇರುವುದು ಪುಸ್ತಕದಷ್ಟೇ ಅವರ ಆಸೆಯೂ ಹೌದು. ಹಾಗಾಗಿಯೇ ‘ಓದಿ ಮುಗಿಸಿದೆ’ ಅನ್ನುವವರಿಗಿಂತ ‘ಓದ್ತಾ ಇದ್ದೀನಿ’ ಅನ್ನುವವರ ಪಕ್ಕ ಕೂರುವುದೇ ನನಗೆ ಇಷ್ಟ.

ಇಷ್ಟೆಲ್ಲ ಉದಾರವಾಗಿ ಬರೆಯಲು ಇನ್ನೊಂದು ಕಾರಣವೂ ಇದೆ. ನಾನು 71ನೇ ಪುಟದಲ್ಲಿ ನಿಂತೆ.

ಯಾಕೆ ಅಂತ ಕೇಳಬೇಡಿ. ಪುಸ್ತಕ ಕೆಟ್ಟದ್ದಲ್ಲ. ಒಂದು ರಾತ್ರಿ ಹಾಳೆಯ ಮೂಲೆ ಮಡಿಸಿ ಮಲಗಿದೆ, ಮರುದಿನ ಏನೋ ಕೆಲಸ ಬಂತು. ಅಲ್ಲಿಗೆ ಮುಗಿಯಿತು. ನ್ಯಾನ್ಸಿ ಪರ್ಲ್ ಅಂತ ಅಮೆರಿಕದ ಒಬ್ಬ ಗ್ರಂಥಪಾಲಕಿ ಇಂಥವರಿಗೆಂದೇ ಒಂದು ದಾರಿ ತೋರಿಸಿದ್ದಾರೆ. ಯಾವ ಪುಸ್ತಕಕ್ಕಾದರೂ 50 ಪುಟ ಅವಕಾಶ ಕೊಡಿ, ಹಿಡಿಸದಿದ್ದರೆ ಬಿಡಿ. ವಯಸ್ಸು ಐವತ್ತು ದಾಟಿದ್ದರೆ ನೂರರಲ್ಲಿ ವಯಸ್ಸು ಕಳೆದು, ಉಳಿದಷ್ಟು ಪುಟ ಓದಿದರೆ ಸಾಕು. ಅರವತ್ತರವರಿಗೆ 40 ಪುಟ. ನೂರು ತುಂಬಿದವರು ಬರೀ ಮುಖಪುಟ ನೋಡಿ ಕೆಳಗಿಡಬಹುದು. ನನಗೆ ಈಗ 46. ಆ ಲೆಕ್ಕದಲ್ಲಿ ನಾನು 21 ಪುಟ ಹೆಚ್ಚುವರಿ ಸೇವೆ ಸಲ್ಲಿಸಿದ್ದೇನೆ. ಆದರೂ ಮನಸ್ಸಿಗೆ ಸಮಾಧಾನ ಇಲ್ಲ.

ಮುಂದಿನ ಭಾನುವಾರ ಪುಸ್ತಕ ವಾಪಸ್ ಕೊಟ್ಟೆ. ‘ಹೇಗಿತ್ತು?’ ಅಂದರು. ‘ಭಾಷೆ ಬಹಳ ಸೊಗಸು’ ಅಂದೆ. ಅಡ್ಡಗೋಡೆ ಮೇಲೆ ದೀಪ ಇಡಲು ಇದಕ್ಕಿಂತ ಒಳ್ಳೆಯ ಮಾತಿಲ್ಲ. ಅವರು ಬಿಡಬೇಕಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು ‘ಕೊನೆ ಬಗ್ಗೆ ಏನನ್ನಿಸಿತು?’ ಅಂದರು. ಗೊತ್ತಿದ್ದವರು ಹಾಗೆ ಕೇಳುವುದಿಲ್ಲ. ಅವರ ಕಣ್ಣಲ್ಲಿ ಹಸಿವಿತ್ತು.

‘ನೀವೇ ಮೊದಲು ಹೇಳಿ’ ಅಂದೆ.

‘ಛೇ, ಬೇಡ. ಇವರೆಲ್ಲ ಇನ್ನೂ ಓದಿಲ್ಲ. ಸಸ್ಪೆನ್ಸ್ ಹಾಳಾಗುತ್ತೆ.’

‘ಹೌದು ಹೌದು, ಹಾಳಾಗುತ್ತೆ.’

ಇಬ್ಬರೂ ಗಂಭೀರವಾಗಿ ತಲೆಯಾಡಿಸಿದೆವು. ನಮ್ಮ ಗುಂಪಿನಲ್ಲಿ ಒಬ್ಬ ಮೇಡಂ ಇದ್ದಾರೆ. ಕಡಿಮೆ ಮಾತು. ಮುದ್ರಕರ ಹೆಸರಿನಿಂದ ಹಿಡಿದು ಬೆನ್ನುಡಿಯವರೆಗೆ ಒಂದಕ್ಷರ ಬಿಡದೆ ಓದುವವರು. ‘ಅಷ್ಟು ಚೆನ್ನಾಗಿದೆಯಾ? ಹಾಗಾದರೆ ನಾನು ತಗೊಂಡು ಹೋಗ್ತೀನಿ’ ಅಂದರು. ನಮಗಿಬ್ಬರಿಗೂ ಜೀವ ಬಂತು.

ಒಂದು ತಿಂಗಳು ಕಳೆದ ಮೇಲೆ ಅವರು ಪುಸ್ತಕ ತಂದು ಮೇಜಿನ ಮೇಲಿಟ್ಟರು. ಕನ್ನಡಕ ಸರಿ ಮಾಡಿಕೊಂಡು ಗೆಳೆಯರನ್ನು ಕೇಳಿದರು, ‘ನೀವು ಪೆನ್ಸಿಲ್‌ನವರು ಅಂತ ಗೊತ್ತು. 71ನೇ ಪುಟದ ಮೂಲೆ ಮಡಿಸಿದ್ದು ಯಾರು?’

ಗೆಳೆಯರು ನಿಧಾನವಾಗಿ ನನ್ನ ಕಡೆ ತಿರುಗಿದರು. ನಾನು ಏನೂ ಮಾತಾಡಲಿಲ್ಲ. ಚೀಲದಿಂದ ಆ ಕರೆಂಟ್ ಬಿಲ್ ತೆಗೆದು ಅವರ ಮುಂದೆ ಇಟ್ಟೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಇಬ್ಬರಿಗೂ ನಗು ತಡೆಯಲು ಆಗಲಿಲ್ಲ.

‘ಅದೆಲ್ಲ ಇರಲಿ ಮೇಡಂ, ಕೊನೆಗೆ ಏನಾಯ್ತು?’ ಇಬ್ಬರೂ ಒಟ್ಟಿಗೇ ಕೇಳಿದೆವು.

ಅವರು ಪುಸ್ತಕವನ್ನು ನಮ್ಮ ಕಡೆ ತಳ್ಳಿದರು. ಮೊದಲು ಯಾರು ಮನೆಗೆ ಒಯ್ಯಬೇಕು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.